ಮೆಕೆ

ಹಳೇ ಶಾಸನ ಓದುವ ಹುಚ್ಚು ನನಗೆ ಹತ್ತಿದ್ದು ಮದುವೆಗೆ ಮುಂಚೆ. ಆಗ ಭಾನುವಾರ ಪೂರ್ತಿ ನನ್ನದೇ. ಈಗ ಮಗಳಿಗೆ ಆರು ವರ್ಷ. ರಾತ್ರಿ ಒಂದು ಕೈಯಲ್ಲಿ ಅವಳ ಬೆನ್ನು ತಟ್ಟುತ್ತಾ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 9ನೇ ಸಂಪುಟ ಓದುತ್ತೇನೆ. 1905ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಸಾಹೇಬರು ತಂದ ಬೆಂಗಳೂರು ಜಿಲ್ಲೆಯ ಸಂಪುಟ ಅದು. ಎರಡು ಸಾಲು ದಾಟುವಷ್ಟರಲ್ಲಿ ಅವಳಿಗಿಂತ ಮೊದಲು ನಾನೇ ಮಲಗಿರುತ್ತೇನೆ.

ಒಂದು ಶನಿವಾರ ಹೆಂಡತಿಗೆ ಆಫೀಸಿತ್ತು. ಮಗಳನ್ನು ಕರೆದುಕೊಂಡು ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದೆ. ಅಲ್ಲಿ ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಕಲ್ಲಿದೆ. ಬೆಂಗಳೂರಿನ ಕಾಳಗದ ಮಾತು ಅದರಲ್ಲಿ ಬರುತ್ತದೆ. ಅಂದರೆ ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಮೊದಲೇ ಈ ಹೆಸರಿತ್ತು. ಬೆಂದಕಾಳೂರಿನ ಕಥೆ ಹೇಳುವವರ ಜೊತೆ ಈ ಕಲ್ಲು ಹಿಡಿದು ಎಷ್ಟೋ ಸಲ ವಾದ ಮಾಡಿದ್ದೇನೆ. ನಾನೇ ಕೂತು ಓದಿರಲಿಲ್ಲ, ಅಷ್ಟೇ.

ಸವೆದ ಅಕ್ಷರ ಎದುರು ಬೆಳಕಿಗೆ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ಗೆರೆಯೊಳಗೆ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಆ ಕೆಲಸ ಮಗಳಿಗೆ ಕೊಟ್ಟೆ. ಐದು ನಿಮಿಷ ಚೆನ್ನಾಗಿ ಹಿಡಿದಳು. ಆಮೇಲೆ ಬೆಳಕು ಇರುವೆ ಸಾಲಿನ ಹಿಂದೆ ಹೋಯಿತು. ನೀರು ಬೇಕು, ಚಕ್ಕುಲಿ ಬೇಕು, ಸುಸ್ಸು. "ಮಗೂನ ಕಟ್ಕೊಂಡು ನಿಧಿ ಹುಡುಕ್ತಿದ್ದೀಯೇನಪ್ಪಾ?" ಅಂತ ಒಬ್ಬ ಅಜ್ಜಿ ಕೇಳಿದರು. ಶಾಸನದ ಮುಂದೆ ಕೂತವರು ಈ ಪ್ರಶ್ನೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದೂವರೆ ಗಂಟೆಯಲ್ಲಿ ನನಗೆ ದಕ್ಕಿದ್ದು ಏಳೆಂಟು ಅಕ್ಷರ.

ಸುಮ್ನೆ ಮಾತಿಗೆ ಹೇಳಿದೆ: "ಆಗೆಲ್ಲ ಪದದ ಮಧ್ಯೆ ಜಾಗ ಬಿಡ್ತಿರಲಿಲ್ಲ ಪುಟ್ಟಿ. ಸಾಮಾನ್ಯವಾಗಿ ಎ, ಏ ಎರಡನ್ನೂ ಒಂದೇ ಥರ ಬರೀತಿದ್ರು. ಒ, ಓ ಕೂಡ."

ಚಕ್ಕುಲಿ ಕಡಿಯುವುದು ನಿಂತಿತು.

"ಹಂಗಾದ್ರೆ ಮೇಕೆ ಹೆಂಗೆ ಬರೀತಿದ್ರು?"

"ಮೆಕೆ ಅಂತ."

ಹಿಂದಿನ ವಾರವಷ್ಟೇ ಅವಳ ಕಾಪಿಯಲ್ಲಿ 'ಮೆಕೆ'ಗೆ ಕೆಂಪು ಸುತ್ತು ಬಿದ್ದಿತ್ತು. ನಾನು ಕೂರಿಸಿಕೊಂಡು ಹತ್ತು ಸಲ ಬರೆಸಿದ್ದೆ.

"ಮತ್ತೆ ನನ್ ಕೈಲಿ ಯಾಕಪ್ಪಾ ಬರ್ಸಿದ್ದು?"

ಉತ್ತರ ಹೊಳೆಯಲಿಲ್ಲ. ಐಸ್‌ಕ್ರೀಮ್ ಕೊಡಿಸಿದೆ.

ಸೋಮವಾರ ಸಂಜೆ ಹೆಂಡತಿ ಹೋಂವರ್ಕ್ ನೋಡುತ್ತಿದ್ದಳು. ಕೋಳಿ ಹೋಗಿ 'ಕೊಳಿ' ಆಗಿತ್ತು. ಪದಗಳ ಮಧ್ಯೆ ಒಂದು ಚೂರೂ ಜಾಗ ಇಲ್ಲ.

"ಇದೇನೇ ಇದು?"

"ಕಲ್ಲಲ್ಲಿ ಹಿಂಗೇ ಇದೆ ಅಮ್ಮಾ. ಅಪ್ಪನ್ನ ಕೇಳು."