ಕೊನೆಯ ತುತ್ತು ಅವನೇ ಎತ್ತಿಕೊಳ್ಳಲಿ

ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮಗ ಓದುವ ಸರ್ಕಾರಿ ಶಾಲೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಮಗುವಿಗೆ ಕಲಿಸುವವರು, ಒಬ್ಬರಿದ್ದಾರೆ. ಅಂಗಿ ಗುಂಡಿ, ಶೂ ಲೇಸು, ಪೆನ್ಸಿಲ್ಲು, ಊಟದ ಡಬ್ಬಿಯ ಮುಚ್ಚಳ, ಇವೇ ಅವರ ಪಾಠ. ವೈಕಲ್ಯವಿರುವ ಮಗುವಿನ ಓದಿಗೆ ಈ ನೆರವು ಬೇಕೆಂದು ಕಂಡುಬಂದರೆ ಶಾಲೆಯೇ ಪುಕ್ಕಟೆ ಕೊಡಬೇಕು. ಅಮೆರಿಕದ 1975ರ ಕಾನೂನಿನಿಂದ ಬಂದ ಹಕ್ಕು ಅದು. ನಮ್ಮವನಿಗೆ ಆರು ವರ್ಷ, ಬೆರಳಿನಲ್ಲಿ ಹಿಡಿತ ಕಡಿಮೆ. "ಇಷ್ಟಕ್ಕೆಲ್ಲ ಥೆರಪಿ ಯಾಕಮ್ಮ, ಬೆಳೀತಾ ಸರಿಹೋಗುತ್ತೆ" ಅಂತ ಮಂಡ್ಯದಿಂದ ಅತ್ತೆ ಅಂದರು. ಎಷ್ಟೋ ಮಕ್ಕಳಿಗೆ ಸರಿಹೋಗುತ್ತದೆ, ನಿಜ. ಆದರೆ ತರಗತಿಯಲ್ಲಿ ದಿನವೂ ಎಲ್ಲರಿಗಿಂತ ಹಿಂದೆ ಉಳಿಯುವ ಮಗುವನ್ನು ಸುಮ್ಮನೆ ಕಾಯಿಸುವುದು ನನಗೆ ಸರಿಕಾಣಲಿಲ್ಲ.

ಥೆರಪಿಸ್ಟ್ ಕಲಿಸುವ ರೀತಿ ನೋಡಬೇಕು. ಅಂಗಿಯನ್ನು ಮೇಜಿನ ಮೇಲೆ ಹರಡಿ, ಗುಂಡಿಯನ್ನು ಕಾಜದೊಳಗೆ ಮುಕ್ಕಾಲು ಭಾಗ ತಾವೇ ತೂರಿಸುತ್ತಾರೆ. ಆಚೆಯಿಂದ ಹಿಡಿದೆಳೆಯುವುದಷ್ಟೇ ಮಗುವಿನ ಪಾಲು. ಅದು ಕೈಗೆ ಬಂದ ಮೇಲೆ ಅರ್ಧ ತೂರಿಸಿ ಬಿಡುತ್ತಾರೆ, ಆಮೇಲೆ ಇನ್ನೂ ಕಡಿಮೆ. ಹೀಗೆ ಕೆಲಸವನ್ನು ಕೊನೆಯಿಂದ ಕಲಿಸುತ್ತಾ ಬಂದರೆ, ಮುಗಿಸಿದ ಖುಷಿ ಪ್ರತಿಸಲವೂ ಮಗುವಿಗೇ.

ಪೆನ್ಸಿಲ್ ಕೊಡುವ ಮೊದಲು ಕೂತಿರುವುದನ್ನು ಗಮನಿಸುತ್ತಾರೆ: ಪಾದ ನೆಲಕ್ಕೆ ಊರಿದೆಯಾ, ಬೆನ್ನು ಕುಸಿಯುತ್ತಿದೆಯಾ ಅಂತ. ಮೈ ನಿಲ್ಲದಿದ್ದರೆ ಬೆರಳು ಸಲೀಸಾಗಿ ಆಡುವುದಿಲ್ಲ. ಕ್ರೇಯಾನ್ ಮುರಿದು ತುಂಡು ಕೊಡುತ್ತಾರೆ. ತುಂಡನ್ನು ಮುಷ್ಟಿಯಲ್ಲಿ ಹಿಡಿದು ಗೀಚಲಾಗದು, ಬೆರಳ ತುದಿಯೇ ಬೇಕು. ಸ್ಲೇಟಿನ ಮುರುಕು ಬಳಪವೂ ಇದೇ ಕೆಲಸ ಮಾಡುತ್ತದೆ.

ಮನೆಯಲ್ಲಿ ಏನು ಮಾಡಿಸಲಿ ಅಂದರೆ, ನಿಮ್ಮ ಅಡುಗೆಮನೆಯಲ್ಲೇ ಹುಡುಕಿ ಅಂದರು. ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಸೊಗಡಿನ ಅವರೆಕಾಯಿ ಕಾಲ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿತುಕಿದರೆ ಬೇಳೆ ಪುಳಕ್ಕನೆ ಜಾರಿ ಬರುತ್ತದೆ. ಅಜ್ಜಿ ಪಕ್ಕ ಕೂತು ಮಗ ಹಿತುಕಿದ್ದೇ ಹಿತುಕಿದ್ದು, ಅರ್ಧ ಬೇಳೆ ನೆಲಕ್ಕೆ ಹಾರಿದರೂ ಅವರು ಬೈಯಲಿಲ್ಲ. ಅತ್ತೆಯನ್ನು ಒಂದೇ ಕೇಳಿಕೊಂಡೆ: ತುತ್ತು ಮಾಡಿ ಬಾಯಿಗಿಡಬೇಡಿ, ಕಲಸಿ ಕೊಡಿ, ಕೊನೆಯ ತುತ್ತನ್ನಾದರೂ ಅವನೇ ಎತ್ತಿಕೊಳ್ಳಲಿ. ಮೊಮ್ಮಗನಿಗೆ ಉಣಿಸುವ ಆಸೆ ಬಿಡುವುದು ಅವರಿಗೆ ಸುಲಭವಿರಲಿಲ್ಲ. ಆದರೂ ಬಿಟ್ಟರು.

ಊರಿನಲ್ಲಿರುವವರು ಇದಕ್ಕಾಗಿ ಅಮೆರಿಕಕ್ಕೆ ಬರಬೇಕಿಲ್ಲ. ಮಾತೂ ತಡವಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು 18 ವರ್ಷದೊಳಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ, ಬೇಕಾದವರನ್ನು ಮುಂದಿನ ಚಿಕಿತ್ಸೆಗೆ ಕಳಿಸುತ್ತವೆ. ತಂಡ ಬಂದಾಗ ಜ್ವರ, ಕೆಮ್ಮು ಅಷ್ಟೇ ಹೇಳಿ ಸುಮ್ಮನಾಗಬೇಡಿ. ಚಮಚ ಹಿಡಿಯಲು ಬರಲ್ಲ, ಮೆಟ್ಟಿಲು ಹತ್ತಲು ಹೆದರುತ್ತೆ ಅನ್ನುವುದನ್ನೂ ಹೇಳಿ.