ಹೊಸ ಕಂಪ್ಯೂಟರಿಗೆ ಏನು ಹಾಕಬೇಕು, ಏನು ತೆಗೆಯಬೇಕು

ನೆಂಟರಲ್ಲಿ, ಸ್ನೇಹಿತರಲ್ಲಿ ಯಾರೇ ಹೊಸ ಕಂಪ್ಯೂಟರ್ ತಗೊಂಡರೂ ನನಗೆ ಬರುವ ಪ್ರಶ್ನೆ ಒಂದೇ. "ಯಾವ ಆಂಟಿವೈರಸ್ ಒಳ್ಳೇದು?" ಅದರ ಬೆನ್ನಿಗೇ ಇನ್ನೊಂದು: "ಸ್ಲೋ ಆಗಬಾರದು ಅಂದ್ರೆ ಯಾವ ಕ್ಲೀನರ್ ಹಾಕಲಿ?" ಬ್ಯಾಕಪ್‌ಗೆ ಏನು ಮಾಡಲಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ದುಡ್ಡು, ಸಮಯ, ತಲೆ ಮೂರನ್ನೂ ಖರ್ಚು ಮಾಡಬೇಕಾದದ್ದು ಅಲ್ಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ವಿಂಡೋಸ್ ಜೊತೆಗೇ ಬಂದಿರುತ್ತದೆ, ಕಾಲು ಪಾಲು ಬೇಕಾಗಿಯೇ ಇಲ್ಲ. ನಾನು ಇಲ್ಲಿ ವಿಂಡೋಸ್ 11 ಇರುವ ಮನೆ ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೇನೆ, ಯಾಕಂದ್ರೆ ಈಗ ಹೊಸದಾಗಿ ತಗೊಳ್ಳುವವರಲ್ಲಿ ಹೆಚ್ಚಿನವರ ಬಳಿ ಇರುವುದು ಅದೇ.

ಮೊದಲು ತೆಗೆಯುವ ಕೆಲಸ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರೇ ಹಾಕಿಕೊಟ್ಟ ಟ್ರಯಲ್ ಆಂಟಿವೈರಸ್ ಬಹಳ ಸಲ ಇರುತ್ತದೆ. ಅಕ್ಕನ ಮಗಳು ಒಂದು ದಿನ ಫೋನ್ ಮಾಡಿ, "ಮಾಮ, ಕೆಂಪು ಬಣ್ಣದಲ್ಲಿ ಏನೋ ಬಂದು ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತಿದೆ, ದುಡ್ಡು ಕಟ್ಟಬೇಕಂತೆ" ಅಂದಳು. ಅವಳ ದನಿಯಲ್ಲಿ ನಿಜವಾದ ಭಯ ಇತ್ತು. ಅದು ವೈರಸ್ ಆಗಿರಲಿಲ್ಲ. ಟ್ರಯಲ್ ಮುಗಿದ ಆಂಟಿವೈರಸ್ ಅದು. ಓದುವ ಹುಡುಗಿಯನ್ನು ಹೀಗೆ ಹೆದರಿಸಿ ದುಡ್ಡು ಕೇಳುವುದು ನನಗೆ ಸ್ವಲ್ಪವೂ ಇಷ್ಟವಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ಪಟ್ಟಿಗೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕೆಲವು ಪೂರ್ತಿ ಹೋಗುವುದಿಲ್ಲ, ಅಲ್ಲಲ್ಲಿ ಚೂರು ಉಳಿಸಿಕೊಳ್ಳುತ್ತವೆ. ಮೆಕಾಫಿ, ನಾರ್ಟನ್ ಮುಂತಾದವರು ಇದಕ್ಕೆಂದೇ ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತಾರೆ, ಅದನ್ನು ಅವರ ಸೈಟಿನಿಂದಲೇ ತಗೊಳ್ಳಿ.

ಹಾಗೆ ತೆಗೆದ ಮೇಲೆ ಕಂಪ್ಯೂಟರ್ ಖಾಲಿ ಬೀಳುವುದಿಲ್ಲ. ಬೇರೆ ಆಂಟಿವೈರಸ್ ಇದ್ದಾಗ ವಿಂಡೋಸ್ ಡಿಫೆಂಡರ್ ತಾನಾಗಿ ಹಿಂದೆ ಸರಿದಿರುತ್ತದೆ, ಅದು ಹೋದ ಕೂಡಲೇ ಮತ್ತೆ ಕೆಲಸಕ್ಕೆ ಬರುತ್ತದೆ. 2012ರ ವಿಂಡೋಸ್ 8ರಿಂದಲೇ ಇದು ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ಜೊತೆಗೇ ಬರುತ್ತಿದೆ. ಶುರುವಿನಲ್ಲಿ ಅದಕ್ಕೆ ಒಳ್ಳೆ ಹೆಸರಿರಲಿಲ್ಲ, ನಿಜ. ಈಗ ಹಾಗಿಲ್ಲ. ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪಟ್ಟಿಯಲ್ಲಿ ಅದು ಹಲವು ವರ್ಷಗಳಿಂದ ದುಡ್ಡಿನವುಗಳ ಸಾಲಿನಲ್ಲೇ ನಿಲ್ಲುತ್ತಿದೆ. ಮನೆಯ ಕಂಪ್ಯೂಟರಿಗೆ ಅದು ಸಾಕು, ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಆದರೆ ಒಳಗೆ ಹೋಗಿ ಎರಡು ಮೂರು ಸ್ವಿಚ್ ನೋಡಬೇಕು. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ. ರಿಯಲ್ ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇರಲಿ. ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ಬೇಡದ ಆಪ್‌ಗಳನ್ನು ತಡೆಯುವ ಸ್ವಿಚ್ ಇದೆ, ಅದೂ ಆನ್ ಇರಲಿ. ಉಚಿತ ಪ್ರೋಗ್ರಾಂ ಹಾಕುವಾಗ ಸುಮ್ನೆ ಜೊತೆಗೆ ನುಗ್ಗುವ ಟೂಲ್‌ಬಾರ್, ಜಾಹೀರಾತು ಇಂಥವನ್ನು ಹಿಡಿಯುವುದು ಅದೇ. ಇನ್ನೊಂದು, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ಇದು ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳಲ್ಲಿ ಅಪರಿಚಿತ ಪ್ರೋಗ್ರಾಂ ಏನನ್ನೂ ಬದಲಿಸಲು ಬಿಡುವುದಿಲ್ಲ. ಫೈಲುಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರ್‌ಗೆ ಇದು ದೊಡ್ಡ ಅಡ್ಡಿ. ಒಂದು ಕಿರಿಕಿರಿ ಉಂಟು, ಒಮ್ಮೊಮ್ಮೆ ಒಳ್ಳೆಯ ಪ್ರೋಗ್ರಾಮನ್ನೂ ತಡೆಯುತ್ತದೆ. ಆಟ ಸೇವ್ ಆಗಲ್ಲ, ಫೋಟೋ ಎಡಿಟರ್ ಎರರ್ ಕೊಡುತ್ತದೆ. ಆಗ ಅಲ್ಲೇ ಇರುವ ಅನುಮತಿ ಪಟ್ಟಿಗೆ ಆ ಪ್ರೋಗ್ರಾಂ ಸೇರಿಸಿದರೆ ಮುಗಿಯಿತು.

ಎರಡು ಆಂಟಿವೈರಸ್ ಒಟ್ಟಿಗೆ ಓಡಿಸಬೇಡಿ. ಅನುಮಾನ ಬಂದ ದಿನ ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಿಂದ ಒಮ್ಮೆ ಸ್ಕ್ಯಾನ್ ಮಾಡಿ, ಅಥವಾ ಮೈಕ್ರೋಸಾಫ್ಟ್‌ನದೇ ಸೇಫ್ಟಿ ಸ್ಕ್ಯಾನರ್ ಇಳಿಸಿಕೊಳ್ಳಿ. ಅದು ಇಳಿಸಿದ 10 ದಿನಕ್ಕೆ ಹಳತಾಗುತ್ತದೆ, ಮತ್ತೆ ಬೇಕಾದಾಗ ಹೊಸದು ತಗೊಳ್ಳಬೇಕು.

ದುಡ್ಡು ಕೊಟ್ಟು ತಗೊಂಡರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಯೋಚನೆ ಮಾಡಿ, ಆಂಟಿವೈರಸ್ ಅಂದರೆ ನಿಮ್ಮ ಎಲ್ಲ ಫೈಲುಗಳನ್ನೂ ನೋಡಬಲ್ಲ, ಬೇರೆ ಯಾವ ಪ್ರೋಗ್ರಾಮಿಗೂ ಇಲ್ಲದಷ್ಟು ಅಧಿಕಾರ ಇರುವ ಪ್ರೋಗ್ರಾಂ. ಉಚಿತವೋ ದುಡ್ಡಿನದೋ, ಅದನ್ನು ಕೊಡುವವರ ಮೇಲೆ ಅಷ್ಟೂ ನಂಬಿಕೆ ಇಡಬೇಕಾಗುತ್ತದೆ. ಅವಾಸ್ಟ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎನ್ನುವ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಅದೇ ವರ್ಷ ಜುಲೈನಲ್ಲಿ ಕ್ರೌಡ್‌ಸ್ಟ್ರೈಕ್ ಎನ್ನುವ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಅವು ಕಂಪನಿಗಳ ಯಂತ್ರಗಳು, ಮನೆಯವಲ್ಲ. ಆದರೂ ಇಂಥ ಸಾಫ್ಟ್‌ವೇರ್ ಎಷ್ಟು ಆಳದಲ್ಲಿ ಕೂತಿರುತ್ತದೆ ಅನ್ನುವುದು ಅವತ್ತು ಎಲ್ಲರಿಗೂ ಕಂಡಿತು. ಹಾಗಾಗಿ ಅಷ್ಟು ಆಳಕ್ಕೆ ಇಳಿಯುವವರ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೇದು ಅನ್ನುತ್ತೇನೆ.

ಅಪ್‌ಡೇಟ್ ವಿಷಯಕ್ಕೆ ಬರೋಣ. ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ನೆನಪಿದೆಯಾ? 2017ರ ಮೇ 12ರಂದು ಶುರುವಾಗಿ ಆಸ್ಪತ್ರೆಗಳನ್ನೂ ಬಿಡದೆ ನಿಲ್ಲಿಸಿತು. ಅದು ಬಳಸಿಕೊಂಡ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಕೈಯಲ್ಲಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ನ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಬಂದಾಗ ಮುಂದೂಡುತ್ತಾ ಹೋಗಬೇಡಿ. ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಸಾಮಾನ್ಯ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು, ಅದಕ್ಕೇ ಈಗ ಹೊಸದು ತಗೊಳ್ಳುವಾಗ ಹಳೆ ವಿಂಡೋಸ್ ಹಾಕಿಕೊಡಿ ಅಂತ ಯಾರನ್ನೂ ಕೇಳಬೇಡಿ.

ವಿಂಡೋಸ್ ತನ್ನನ್ನು ತಾನು ನೋಡಿಕೊಳ್ಳುತ್ತದೆ, ಬ್ರೌಸರ್ ಕೂಡ. ಮಧ್ಯೆ ಬಿಟ್ಟುಹೋಗುವುದು ಚಿಲ್ಲರೆ ಪ್ರೋಗ್ರಾಂಗಳು. ಫೈಲುಗಳನ್ನು ಕುಗ್ಗಿಸಿ ಕಟ್ಟುವ, ಬಿಚ್ಚುವ ವಿನ್‌ರಾರ್ ಉದಾಹರಣೆ ತಗೊಳ್ಳಿ. 2023ರಲ್ಲಿ ಅದರಲ್ಲೊಂದು ದೊಡ್ಡ ದೋಷ ಸಿಕ್ಕಿತು, 6.23 ಆವೃತ್ತಿಯಲ್ಲಿ ಸರಿಮಾಡಿದರು. ಆದರೆ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಒಮ್ಮೆ ಹಾಕಿದವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇದಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ, ವಿಂಡೋಸ್‌ನಲ್ಲೇ ವಿನ್‌ಗೆಟ್ ಅನ್ನುವ ಕಮಾಂಡ್ ಇದೆ, ಕಮಾಂಡ್ ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಒಂದು ಸಾಲು ಬರೆದರೆ ಅದಕ್ಕೆ ಗೊತ್ತಿರುವ ಪ್ರೋಗ್ರಾಂಗಳನ್ನೆಲ್ಲ ಹೊಸ ಆವೃತ್ತಿಗೆ ತರುತ್ತದೆ. ಬಳಸದ ಪ್ರೋಗ್ರಾಂ ಇದ್ದರೆ ತೆಗೆದುಬಿಡಿ, ಇಲ್ಲದ್ದಕ್ಕೆ ಅಪ್‌ಡೇಟ್ ಬೇಕಿಲ್ಲ.

ಈಗ ಕ್ಲೀನರ್, ಬೂಸ್ಟರ್, ಆಪ್ಟಿಮೈಸರ್, ಡ್ರೈವರ್ ಅಪ್‌ಡೇಟರ್. ಒಂದೂ ಬೇಡ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗಕ್ಕೆ ರಿಜಿಸ್ಟ್ರಿ ಅನ್ನುತ್ತಾರೆ. ಅದನ್ನು ಚೊಕ್ಕ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. "1,200 ದೋಷಗಳು ಸಿಕ್ಕಿವೆ" ಅಂತ ತೋರಿಸುವುದನ್ನು ನೋಡಿ ಗಾಬರಿಯಾಗಬೇಡಿ, ಅವು ಬಹುತೇಕ ಯಾವ ತೊಂದರೆಯನ್ನೂ ಕೊಡದ ಹಳೆಯ ನಮೂದುಗಳು, ತೆಗೆದರೆ ವೇಗ ಬರುವುದಿಲ್ಲ, ತಪ್ಪಾದದ್ದು ತೆಗೆದರೆ ವಿಂಡೋಸ್ ಕೆಡುತ್ತದೆ. ಸಿಕ್ಲೀನರ್ ಹೆಸರು ಎಲ್ಲರೂ ಕೇಳಿರುತ್ತೀರಿ. 2017ರ ಆಗಸ್ಟ್‌ನಲ್ಲಿ ಅದರ 5.33 ಆವೃತ್ತಿಯೊಳಗೆ ಕಳ್ಳರು ಮಾಲ್‌ವೇರ್ ಸೇರಿಸಿಬಿಟ್ಟರು, ಅದು ಕಂಪನಿಯ ಸ್ವಂತ ಸರ್ವರ್‌ನಿಂದಲೇ, ಸರಿಯಾದ ಡಿಜಿಟಲ್ ಸಹಿಯೊಂದಿಗೇ ಸುಮಾರು ಒಂದು ತಿಂಗಳು ಹಂಚಿಕೆಯಾಯಿತು, 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ತಲುಪಿತು. ಅವರೆಲ್ಲ ಏನು ತಪ್ಪು ಮಾಡಿದ್ದರು? ಕಂಪ್ಯೂಟರ್ ಚೊಕ್ಕವಾಗಿರಲಿ ಅಂದುಕೊಂಡಿದ್ದರು, ಅಷ್ಟೇ.

ಜಾಗ ಕಡಿಮೆಯಾದರೆ ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಇದೆ. ಅದರಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡುವ ಆಯ್ಕೆ ಮಾತ್ರ ನೋಡಿಕೊಂಡು ಒತ್ತಿ. ಡಿಸ್ಕ್‌ನಲ್ಲಿ ಚದುರಿದ ಫೈಲುಗಳನ್ನು ಒಟ್ಟು ಮಾಡುವ ಡಿಫ್ರಾಗ್ ಸಾಫ್ಟ್‌ವೇರ್ ಕಾಲ ಮುಗಿಯಿತು, ಹೊಸ ಕಂಪ್ಯೂಟರುಗಳಲ್ಲಿ ಇರುವುದು ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡಿಸ್ಕ್, ಅದಕ್ಕೆ ಬೇಕಾದ ಟ್ರಿಮ್ (ಅಳಿಸಿದ ಫೈಲಿನ ಜಾಗ ಖಾಲಿ ಎಂದು ಡಿಸ್ಕ್‌ಗೆ ತಿಳಿಸುವ) ಕೆಲಸವನ್ನು ವಿಂಡೋಸ್ ವಾರಕ್ಕೊಮ್ಮೆ ತಾನೇ ಮಾಡುತ್ತದೆ. ಆನ್ ಆಗಲು ಜಾಸ್ತಿ ಹೊತ್ತು ತಗೊಳ್ಳುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿ. ಚಾಟ್ ಆಪ್, ಗೇಮ್ ಲಾಂಚರ್, ಪ್ರಿಂಟರ್ ಸಹಾಯಕ ಎಲ್ಲ ಸಾಲಾಗಿ ಕೂತಿರುತ್ತವೆ, ಡಿಸೇಬಲ್ ಮಾಡಿ. ಈ ವಿಭಾಗದಲ್ಲಿ ನಾನು ಹೊರಗಿನಿಂದ ಹಾಕುವುದು ಒಂದೇ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಡಿಸ್ಕ್ ಆರೋಗ್ಯ ಎಷ್ಟು ಶೇಕಡಾ ಉಳಿದಿದೆ, ಬಿಸಿ ಎಷ್ಟು ಎಂದು ತೋರಿಸುತ್ತದೆ. ನೀಲಿ ಬಣ್ಣದಲ್ಲಿ ಗುಡ್ ಅಂತಿದ್ದರೆ ಸರಿ, ಹಳದಿಗೆ ತಿರುಗಿದರೆ ಹೊಸ ಡಿಸ್ಕ್ ಹುಡುಕಿ. ಆದರೆ ಎಸ್‌ಎಸ್‌ಡಿ ಯಾವ ಸೂಚನೆಯನ್ನೂ ಕೊಡದೆ ಒಂದೇ ಸಲ ಸಾಯಬಹುದು, ನೀಲಿ ನೋಡಿ ನಿಶ್ಚಿಂತೆಯಿಂದ ಕೂರಬೇಡಿ.

ಬ್ರೌಸರ್‌ಗೆ ಒಂದು ಆಡ್ ಬ್ಲಾಕರ್ ಹಾಕಿ. ಇದು ಸೆಕ್ಯುರಿಟಿ ಮಾತೇ. ಒಂದು ಪ್ರೋಗ್ರಾಂ ಹೆಸರು ಹುಡುಕಿದರೆ ಮೇಲೆ ಬರುವ ಜಾಹೀರಾತಿನಲ್ಲೇ ನಕಲಿ ಡೌನ್‌ಲೋಡ್ ಇಡುವವರಿದ್ದಾರೆ, ಅದಕ್ಕೇ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಆಡ್ ಬ್ಲಾಕರ್ ಬಳಸಿ ಅಂತ ಜನರಿಗೆ ಹೇಳಿತು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್, ಕ್ರೋಮ್‌ನಲ್ಲಿ ಅದರದೇ ಲೈಟ್ ಆವೃತ್ತಿ. ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿ ಇಡಲು ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ. ಅದನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಉದ್ದ ಇರಲಿ, ನಾಲ್ಕೈದು ಸಂಬಂಧವಿಲ್ಲದ ಪದ ಜೋಡಿಸಿ. 2022ರಲ್ಲಿ ಲಾಸ್ಟ್‌ಪಾಸ್ ಎನ್ನುವ ಇಂಥದೇ ಸೇವೆಯಿಂದ ಜನರ ಪಾಸ್‌ವರ್ಡ್ ಪೆಟ್ಟಿಗೆಗಳೇ ಕಳುವಾದಾಗ, ಅವನ್ನು ಕಾಯಲು ಉಳಿದದ್ದು ಆ ಒಂದು ಮಾಸ್ಟರ್ ಪಾಸ್‌ವರ್ಡ್ ಮಾತ್ರ. ಮಕ್ಕಳು, ಹಿರಿಯರು ಬಳಸುವುದಾದರೆ ಅವರಿಗೆ ಸ್ಟಾಂಡರ್ಡ್ ಅಕೌಂಟ್ ಮಾಡಿಕೊಡಿ, ಪೂರ್ತಿ ಅಧಿಕಾರ ಇರುವ ಅಡ್ಮಿನ್ ಅಕೌಂಟ್ ಬೇರೆ ಇರಲಿ.

ಇನ್ನು ಬ್ಯಾಕಪ್. ನನ್ನ ಗೆಳೆಯರೊಬ್ಬರ ಮಗಳ ಮೊದಲ ಐದು ವರ್ಷದ ಫೋಟೋ ಎಲ್ಲ ಒಂದೇ ಡಿಸ್ಕ್‌ನಲ್ಲಿತ್ತು. ಒಂದು ಬೆಳಿಗ್ಗೆ ಆ ಡಿಸ್ಕ್, ವಿಂಡೋಸ್‌ಗೂ ಮೊದಲು ಏಳುವ ಬಯೋಸ್‌ನಲ್ಲೂ ಕಾಣಲಿಲ್ಲ. ಅವರ ಮನೆಯಲ್ಲಿ ಒಳ್ಳೆಯ ಆಂಟಿವೈರಸ್ ಇತ್ತು, ದುಡ್ಡು ಕೊಟ್ಟು ನವೀಕರಿಸಿದ್ದು. ಫೋಟೋ ಒಂದೂ ವಾಪಸ್ ಬರಲಿಲ್ಲ. ಅವರ ಹೆಂಡತಿ ನೆಂಟರ ಫೋನ್‌ಗಳಿಂದ ಒಂದೊಂದೇ ಕೇಳಿ ತರಿಸಿಕೊಳ್ಳುತ್ತಿದ್ದದ್ದು ನೋಡಿದಾಗ ನನಗೆ ಬಹಳ ಸಂಕಟವಾಯಿತು.

ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಇದೆಯಲ್ಲ ಅನ್ನಬಹುದು. ಅದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಮನೆ ಬಳಕೆಯ ಖಾತೆಯಲ್ಲಿ ಅದರ ರೀಸೈಕಲ್ ಬಿನ್ 30 ದಿನ ಇಟ್ಟುಕೊಳ್ಳುತ್ತದೆ, ಆಮೇಲೆ ಇಲ್ಲ. ಉಚಿತವಾಗಿ ಸಿಗುವುದು 5 ಜಿಬಿ, ಫೋನಿನ ವಿಡಿಯೋ ನಾಲ್ಕು ಹಾಕಿದರೆ ತುಂಬುತ್ತದೆ. ಇರಲಿ, ಜೊತೆಗೊಂದು ಪ್ರತಿಯಾಗಿ ಒಳ್ಳೆಯದೇ. ಆದರೆ ಕಂಪ್ಯೂಟರ್ ಡಿಸ್ಕ್‌ಗಿಂತ ದೊಡ್ಡದಾದ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಗೊಳ್ಳಲೇಬೇಕು. ಫೈಲುಗಳಷ್ಟೇ ಸಾಕು ಅಂದರೆ ಕಂಟ್ರೋಲ್ ಪ್ಯಾನೆಲ್ ಮೂಲೆಯಲ್ಲಿ ಫೈಲ್ ಹಿಸ್ಟರಿ ಇದೆ. ಇಡೀ ಕಂಪ್ಯೂಟರಿನ ಪ್ರತಿ ಬೇಕು ಅಂದರೆ, ನನಗಂತೂ ಬೇಕು, ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಹಾಕುತ್ತೇನೆ. ಅದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಟಿಕ್ ಬಾಕ್ಸ್ ಇದೆ: ಬ್ಯಾಕಪ್ ಮುಗಿದ ಮೇಲೆ ಡಿಸ್ಕನ್ನು ತಾನೇ ಇಜೆಕ್ಟ್ ಮಾಡುತ್ತದೆ. ಯಾಕೆ ಅಂದರೆ ರಾನ್ಸಮ್‌ವೇರ್ ಬಂದಾಗ ಸಿಕ್ಕಿಸಿಟ್ಟ ಹೊರಗಿನ ಡಿಸ್ಕನ್ನೂ ಲಾಕ್ ಮಾಡುತ್ತದೆ. ಇಜೆಕ್ಟ್ ಆದ ಮೇಲೆ ಕೇಬಲ್ ಕಿತ್ತು ಬೀರುವಿನಲ್ಲಿಡಿ.

ವೀಮ್ ಹಾಕಿದ ದಿನವೇ ಅದರ ರಿಕವರಿ ಪೆನ್‌ಡ್ರೈವ್ (ವಿಂಡೋಸ್ ಏಳದಿದ್ದಾಗ ಕಂಪ್ಯೂಟರ್ ಆನ್ ಮಾಡಿ ಬ್ಯಾಕಪ್ ವಾಪಸ್ ತರಲು) ಮಾಡಿಕೊಳ್ಳಿ, ಕಂಪ್ಯೂಟರ್ ಆನ್ ಆಗದ ದಿನ ಅದನ್ನು ಮಾಡಲು ಆಗುವುದಿಲ್ಲ. ಮಾಡಿದ ಮೇಲೆ ಒಮ್ಮೆ ಅದರಿಂದಲೇ ಬೂಟ್ ಮಾಡಿ, ಹೊರಗಿನ ಡಿಸ್ಕ್ ಅದಕ್ಕೆ ಕಾಣುತ್ತಿದೆಯಾ ನೋಡಿ. ಆಮೇಲೆ ಬ್ಯಾಕಪ್ ತೆರೆದು, ಒಂದು ಹಳೆಯ ಫೋಟೋ ಆರಿಸಿ, ಬೇರೆ ಫೋಲ್ಡರಿಗೆ ವಾಪಸ್ ತಂದು, ಡಬಲ್ ಕ್ಲಿಕ್ ಮಾಡಿ. ಚಿತ್ರ ಪೂರ್ತಿ ತೆರೆದುಕೊಂಡರೆ ಮಾತ್ರ ನಿಮ್ಮ ಹತ್ತಿರ ಬ್ಯಾಕಪ್ ಇದೆ ಅಂತ ಅರ್ಥ. ತಿಂಗಳಿಗೋ ಎರಡು ತಿಂಗಳಿಗೋ ಇದನ್ನು ಮತ್ತೆ ಮಾಡಿ.

ಒಂದು ವಿಷಯ ಉಳಿಯಿತು, ಹೊಸ ಕಂಪ್ಯೂಟರಿನವರು ಇದನ್ನು ಇವತ್ತೇ ನೋಡಿಕೊಳ್ಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ, ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ಹೆಚ್ಚಿನ ಹೊಸ ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡಿಸ್ಕಿಗೆ ಬೀಗ ಹಾಕುವುದು) ಕೇಳದೆಯೇ ಆನ್ ಆಗಿರುತ್ತದೆ. ಕಳ್ಳತನವಾದರೆ ಒಳ್ಳೆಯದೇ, ಫೈಲು ಬೇರೆಯವರಿಗೆ ಸಿಗುವುದಿಲ್ಲ. ಆದರೆ ಬಯೋಸ್ ಅಪ್‌ಡೇಟ್ ಆದ ಮೇಲೋ ಮದರ್‌ಬೋರ್ಡ್ ಬದಲಿಸಿದ ಮೇಲೋ ಒಂದು ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ರಿಪೇರಿಯವರಿಂದಲೂ ಆಗುವುದಿಲ್ಲ, ಮೈಕ್ರೋಸಾಫ್ಟ್‌ನಿಂದಲೂ ಆಗುವುದಿಲ್ಲ. ಅದು ಸಾಮಾನ್ಯವಾಗಿ ಸೆಟಪ್ ಮಾಡಿದ ಖಾತೆಯಲ್ಲೇ ಇರುತ್ತದೆ. ಸೆಟಪ್ ಅಂಗಡಿಯವರೋ ಮಗನೋ ಮಾಡಿದ್ದರೆ ಯಾರ ಖಾತೆಯಿಂದ ಮಾಡಿದ್ದಾರೆ ಅಂತ ಈಗಲೇ ಕೇಳಿ. ಖಾತೆಗೆ ಲಾಗಿನ್ ಆಗಿ ಕೀ ಪ್ರಿಂಟ್ ತೆಗೆಯಿರಿ. ಪ್ರಿಂಟ್‌ನಲ್ಲಿರುವ ಕೀ ಐಡಿಯನ್ನು ಕಂಪ್ಯೂಟರಿನದರ ಜೊತೆ ಹೋಲಿಸಿ ನೋಡಿ, ಒಂದೇ ಖಾತೆಯಲ್ಲಿ ಹಳೆ ಲ್ಯಾಪ್‌ಟಾಪಿನ ಕೀ ಕೂಡ ಇರುತ್ತದೆ. ಆ ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ, ಬೀರುವಿನ ಬೇರೆ ಕಾಗದಪತ್ರಗಳ ಜೊತೆ ಇಡಿ.