ಮೂರು ಭಾಷೆಗೆ ಒಂದೇ ಸ್ನಿಪೆಟ್

14 ಜುಲೈ 2024, ಭಾನುವಾರ, ತೀರ್ಥಹಳ್ಳಿ

ಬೆಳಗ್ಗಿನಿಂದ ಬಿಡದೆ ಮಳೆ. ತೋಟಕ್ಕೆ ಔಷಧಿ ಹೊಡೆಸಬೇಕಿತ್ತು, ಆಗಲಿಲ್ಲ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಾಗಲೇ ಅಡಿಕೆ ಲೆಕ್ಕದ ಪ್ರೋಗ್ರಾಂ ಮುಂದುವರಿಸೋಣ ಅಂತ ಕೂತೆ.

ಅದರಲ್ಲಿ ಮೂರು ಬಗೆಯ ಫೈಲುಗಳಿವೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಬಗೆಗಳಿಗೆ ಬೇರೆ ಬೇರೆ ಲೆಕ್ಕ ಹಾಕುವುದು ಪೈಥಾನ್. ಟೇಬಲ್‌ಗಳಿಗೆ ಎಸ್‌ಕ್ಯೂಎಲ್. ನೋಡಲು ಒಂದು ಎಚ್‌ಟಿಎಂಎಲ್ ಪುಟ. ಪ್ರತಿ ಫೈಲಿನ ತಲೆಯಲ್ಲಿ ಅದರ ಹೆಸರು, ತಾರೀಖು, ಯಾಕೆ ಬರೆದದ್ದು ಇಷ್ಟು ಇರಲೇಬೇಕು ನನಗೆ. ಆರು ತಿಂಗಳು ಬಿಟ್ಟು ತೆರೆದರೂ ಅರ್ಥವಾಗಬೇಕಲ್ವಾ? ಅದಕ್ಕೆ ವಿಎಸ್ ಕೋಡ್ ಎಂಬ ಪ್ರೋಗ್ರಾಂ ಬರೆಯುವ ಎಡಿಟರ್‌ನಲ್ಲಿ ಮೂರು ಸ್ನಿಪೆಟ್ ಇಟ್ಟಿದ್ದೆ. ಸ್ನಿಪೆಟ್ ಅಂದರೆ ಒಂದು ಚಿಕ್ಕ ಪದ ಒತ್ತಿದರೆ ತಾನೇ ತುಂಬಿಕೊಳ್ಳುವ ಸಿದ್ಧ ಸಾಲುಗಳು. ಇದು ಕೋಡ್ ಅಲ್ಲ, ಬರೀ ಟಿಪ್ಪಣಿ (ಕಾಮೆಂಟ್) ಅಂತ ತಿಳಿಸುವ ಗುರುತು ಪೈಥಾನ್‌ಗೆ #, ಎಸ್‌ಕ್ಯೂಎಲ್‌ಗೆ --, ಎಚ್‌ಟಿಎಂಎಲ್‌ಗೆ <!--. ಒಂದು ಸಾಲು ಬದಲಿಸಿದರೆ ಮೂರೂ ಕಡೆ ತಿದ್ದಬೇಕು.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ತಂಗಿ ಮಗಳು ನಿನ್ನೆ ಬಂದಿದ್ದಾಳೆ. ಪಕ್ಕದಲ್ಲಿ ಕೂತು ನೋಡಿದಳು. "ದೊಡ್ಡಮ್ಮ, ಮೂರು ಯಾಕೆ? ಕಾಮೆಂಟ್ ಗುರುತು ಯಾವುದು ಅಂತ ಎಡಿಟರ್‌ಗೆ ಗೊತ್ತೇ ಇರುತ್ತಲ್ಲ" ಅಂದಳು.

ಹೌದು! ಲೈನ್ ಕಾಮೆಂಟ್ ಅಂತ ಒಂದು ವೇರಿಯಬಲ್ಲೇ ಇದೆ, ಅಂದರೆ ಸ್ನಿಪೆಟ್ ತುಂಬುವಾಗ ಎಡಿಟರ್ ತಾನೇ ಬೆಲೆ ಹಾಕಿಕೊಳ್ಳುವ ಒಂದು ಹೆಸರು. ಅದನ್ನು ಎಲ್ಲ ಭಾಷೆಗೂ ಸಲ್ಲುವ ಗ್ಲೋಬಲ್ ಸ್ನಿಪೆಟ್ ಫೈಲಿನಲ್ಲಿ ಹಾಕಿದರೆ, ತೆರೆದಿರುವ ಫೈಲಿನ ಭಾಷೆ ನೋಡಿ ಸರಿಯಾದ ಗುರುತನ್ನು ಅದೇ ಇಡುತ್ತದೆ. ಪೈಥಾನ್‌ನಲ್ಲಿ # ಬಂತು, ಎಸ್‌ಕ್ಯೂಎಲ್‌ನಲ್ಲಿ -- ಬಂತು. ಎಚ್‌ಟಿಎಂಎಲ್‌ನಲ್ಲಿ ಮಾತ್ರ ಏನೂ ಬರಲಿಲ್ಲ. ತಲೆಬರಹ ಹಾಗೇ ಪುಟದ ಮೇಲೆ ಕಾಣಿಸಿಕೊಂಡಿತು. ಆ ಭಾಷೆಯಲ್ಲಿ ಒಂದೇ ಸಾಲಿನ ಕಾಮೆಂಟ್ ಗುರುತೇ ಇಲ್ಲ. ತೆರೆಯುವ ಗುರುತು, ಮುಚ್ಚುವ ಗುರುತು ಎರಡೂ ಬೇಕು. ಇಲ್ಲದ್ದನ್ನು ಕೇಳಿದರೆ ಎಡಿಟರ್ ಸುಮ್ನೆ ಜಾಗ ಖಾಲಿ ಬಿಡುತ್ತದೆ, ತಪ್ಪು ಅಂತ ಹೇಳುವುದಿಲ್ಲ. ಪುಟದ ಬಣ್ಣ, ಅಂದ ನೋಡಿಕೊಳ್ಳುವ ಸಿಎಸ್ಎಸ್ ಕೂಡ ಹೀಗೇ.

ಹಾಗಾಗಿ ಬ್ಲಾಕ್ ಕಾಮೆಂಟ್ ಶುರು, ಬ್ಲಾಕ್ ಕಾಮೆಂಟ್ ಕೊನೆ ಎಂಬ ಜೋಡಿ ವೇರಿಯಬಲ್ ಹಾಕಿದೆ. ಮೂರೂ ಭಾಷೆಗೆ ಹೊಂದಿತು. ಪೈಥಾನ್‌ನಲ್ಲಿ ಮೂರು ಉದ್ಧರಣ ಚಿಹ್ನೆ ಬರುತ್ತದೆ. ಅದು ನಿಜಕ್ಕೂ ಕಾಮೆಂಟ್ ಅಲ್ಲ, ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ. ಆದರೆ ಫೈಲಿನ ಮೊದಲಿಗೇ ಇದ್ದರೆ ಪೈಥಾನ್ ಅದನ್ನು ಆ ಫೈಲಿನ ವಿವರಣೆ ಅಂತಲೇ ಓದುತ್ತದೆ. ನನಗೆ ಬೇಕಾದದ್ದೂ ಅದೇ.

ಆಮೇಲೆ ಅವಳ ಜಾವಾ ಕ್ಲಾಸಿಗೂ ಒಂದು ಮಾಡಿದೆವು. ಅಲ್ಲಿ ಪಬ್ಲಿಕ್ ಕ್ಲಾಸಿನ ಹೆಸರೂ ಫೈಲಿನ ಹೆಸರೂ ಒಂದೇ ಇರಬೇಕು. ಫೈಲ್ ಹೆಸರಿನ ವೇರಿಯಬಲ್ ಇಟ್ಟರೆ ಕೈಯಿಂದ ಬರೆಯುವ ಗೋಜೇ ಇಲ್ಲ. "ಈ ವೇರಿಯಬಲ್ ಹೆಸರಿನ ಮೊದಲಿಗೆ ಟಿಎಂ ಅಂತ ಯಾಕಿದೆ?" ಅಂತ ಕೇಳಿದಳು. 2004ರಲ್ಲಿ ಮ್ಯಾಕ್‌ಗೆ ಬಂದ ಟೆಕ್ಸ್ಟ್‌ಮೇಟ್ ಎಡಿಟರ್‌ನ ಗುರುತು ಅದು ಅಂದೆ. ವಿಎಸ್ ಕೋಡ್ ಬಂದದ್ದು 2015ರಲ್ಲಿ. ಸ್ನಿಪೆಟ್ ಬರೆಯುವ ರೀತಿಯನ್ನು ಅಲ್ಲಿಂದಲೇ ತೆಗೆದುಕೊಂಡಿತು.

ಸಂಜೆ ಕರೆಂಟು ಬಂದ ಮೇಲೆ ಹಳೆಯ ಮೂರೂ ಸ್ನಿಪೆಟ್ ಅಳಿಸಿದೆ. ನಾಳೆ ಮಳೆ ಬಿಟ್ಟರೆ ತೋಟಕ್ಕೆ ಹೋಗಬೇಕು.